ಆಯಿಯ ಕಾಲು, ಭೀಮ್ಯಾನ ರಕ್ತ ಮತ್ತು ಗಟಾರದ ಸೊಳ್ಳೆ

ಬಹಳ ದಿನಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ವಿಷಯ ಇರಲಿಲ್ಲ ಅಂತಲ್ಲ, ಬೆಂಗಳೂರಿನ ಟ್ರಾಫಿಕ್ಕು, ಆಫೀಸಿನ ರಿಲೀಸು ಎರಡೂ ಸೇರಿ ತಲೆ ತಿಂದು ಹಾಕಿದ್ದವು. ಆದರೆ ಕಳೆದ ಸಲ ಊರಿಗೆ ಹೋದಾಗ ನಡೆದ ಒಂದು ಸಂಗತಿ ನನ್ನನ್ನು ಎರಡು ತಿಂಗಳು ಕೂರಿಸಿ ಓದಿಸಿತು. ಓದಿದ್ದನ್ನು ಬರೆದಿಡದಿದ್ದರೆ ಮರೆತು ಹೋಗುತ್ತದೆ, ಅದಕ್ಕೇ ಇದು. ಸ್ವಲ್ಪ ಉದ್ದವಾಗಬಹುದು, ಒಂದು ಕಪ್ ಚಹಾ ಇಟ್ಟುಕೊಂಡು ಕೂತುಕೊಳ್ಳಿ.

ನಮ್ಮೂರು ನಿಡೋಣಿ. ವಿಜಯಪುರ ಜಿಲ್ಲೆ, ಬಬಲೇಶ್ವರ ತಾಲ್ಲೂಕು. ಊರಲ್ಲಿ ಈಗ ಇರುವವರು ನಮ್ಮ ಕಾಕಾ, ಕಾಕು, ಅವರ ಮಗ-ಸೊಸೆ, ಎರಡು ವರ್ಷದ ಮೊಮ್ಮಗಳು, ಮತ್ತೆ ನಮ್ಮ ಆಯಿ. ಆಯಿ ಅಂದರೆ ನಮ್ಮಪ್ಪನ ತಾಯಿ. ಆಕೆಯ ಬಲಗಾಲು ಆನೆಕಾಲು. ನಾನು ಹುಟ್ಟುವ ಮೊದಲೇ ಬಾತಿದ್ದದ್ದು. ಚಿಕ್ಕವನಿದ್ದಾಗ ಆ ಕಾಲಿನ ಮೇಲೆ ಕುದುರೆ ಮಾಡಿಕೊಂಡು ಕೂರುತ್ತಿದ್ದೆನಂತೆ. ಆಕೆ ಒಂದು ದಿನವೂ ಬೈದಿಲ್ಲ.

ಇವರೆಲ್ಲರ ಜೊತೆಗೆ ಭೀಮ್ಯಾ. ಭೀಮ್ಯಾ ನಾಯಿ. ಮುಧೋಳದ ತಳಿ, ಸಪೂರ ನಡು, ಉದ್ದ ಮೂತಿ, ಓಡಿದರೆ ನೆಲ ಮುಟ್ಟುತ್ತದೋ ಇಲ್ಲವೋ ಅನ್ನಿಸುವ ಹಾಗೆ. ಕಾಕಾ ಕೃಷ್ಣೆ ದಾಟಿ ಹೋಗಿ ತಂದಿದ್ದ ಮರಿ. ಮುಧೋಳ ನಮಗೆ ಅಂಥ ದೂರವಲ್ಲ, ಹಾಗಾಗಿ ಆ ನಾಯಿಗಳ ಬಗ್ಗೆ ನಮ್ಮ ಕಡೆಯವರಿಗೆ ಸ್ವಂತ ಮನೆಯವರ ಬಗ್ಗೆ ಇರುವಷ್ಟು ಅಭಿಮಾನ. ಘೋರ್ಪಡೆ ರಾಜರು ಈ ತಳಿಯನ್ನು ಬೆಳೆಸಿದರು, ಇಂಗ್ಲೆಂಡಿನ ದೊರೆ ಐದನೆಯ ಜಾರ್ಜನಿಗೆ ಒಂದು ಜೋಡಿ ಕಾಣಿಕೆ ಕೊಟ್ಟರು ಅನ್ನುವ ಕಥೆ ನಮ್ಮಲ್ಲಿ ಪ್ರತಿ ಕಟ್ಟೆಯ ಮೇಲೂ ಸಿಗುತ್ತದೆ. ಕೆಲವು ಕಡೆ ಇದು 1937ರಲ್ಲಿ ನಡೆಯಿತು ಅಂತ ಬರೆದಿರುತ್ತಾರೆ. ಐದನೆಯ ಜಾರ್ಜ್ 1936ರ ಜನವರಿಯಲ್ಲೇ ತೀರಿಕೊಂಡಿದ್ದ! ಯಾರೂ ಟೆಸ್ಟ್ ಮಾಡದೆ ಕಾಪಿ-ಪೇಸ್ಟ್ ಮಾಡಿದ ಕೋಡ್ ಹೀಗೇ ಆಗುವುದು :) ಇರಲಿ. 2005ರಲ್ಲಿ ಅಂಚೆ ಇಲಾಖೆ ಈ ನಾಯಿಯ ಸ್ಟಾಂಪ್ ತಂದಿತು, ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಇದಕ್ಕೆಂದೇ ಒಂದು ಸಂಶೋಧನಾ ಕೇಂದ್ರವಿದೆ, 2016ರಲ್ಲಿ ಸೈನ್ಯದವರೂ ಮೀರತ್ತಿಗೆ ಒಯ್ದು ತರಬೇತಿ ಕೊಟ್ಟು ನೋಡಿದರು. ಅಷ್ಟು ದೊಡ್ಡ ಮನೆತನ ನಮ್ಮ ಭೀಮ್ಯಾನದು.

ವಿಷಯಕ್ಕೆ ಬರೋಣ. ನಾನು ಊರಿಗೆ ಹೋದಾಗ ಭೀಮ್ಯಾ ಅಂಗಳದ ಮೂಲೆಯಲ್ಲಿ ಮಲಗಿಬಿಟ್ಟಿದ್ದ. ಬಾಲ ಆಡಿಸಿದ, ಎದ್ದು ಬರಲಿಲ್ಲ. ಮೈಮೇಲೆ ಅಲ್ಲಲ್ಲಿ ಕೂದಲು ಉದುರಿ ಕೆರೆದುಕೊಂಡ ಗುರುತು, ಪಕ್ಕೆಯ ಮೇಲೆ ಚರ್ಮದಡಿ ಕಡಲೆಕಾಳಿನಂಥ ಎರಡು ಗಂಟು. "ಉಣ್ಣಿ ಜ್ವರ ಇರಬೇಕು" ಅಂತ ಕಾಕಾ ಅಂದ. ಮರುದಿನ ಬಾಡಿಗೆ ಗಾಡಿ ಮಾಡಿಕೊಂಡು ವಿಜಯಪುರಕ್ಕೆ ಒಯ್ದೆವು. ಡಾಕ್ಟರು ಮುಂಗಾಲಿನಿಂದ ರಕ್ತ ತೆಗೆದು, ಗಾಜಿನ ಮೇಲೆ ಒಂದು ಹನಿ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡಿದರು. ಆಮೇಲೆ ನನ್ನನ್ನು ಕರೆದರು. "ಬರ್ರಿ ಇಂಜಿನಿಯರ್ ಸಾಹೇಬ್ರ, ನೀವೂ ನೋಡ್ರಿ."

ನೋಡಿದೆ. ಕೆಂಪು ರಕ್ತಕಣಗಳ ರಾಶಿಯ ನಡುವೆ ಏನೋ ಒಂದು ಹಾವಿನಂತೆ ಹೊರಳಾಡುತ್ತಿತ್ತು. ಅದು ಹೊರಳಿದ ಕಡೆಯೆಲ್ಲ ಕಣಗಳು ಚದುರಿ ಜಾಗ ಬಿಡುತ್ತಿದ್ದವು. ಒಂದಲ್ಲ, ಮೂರು. ಒಂದೇ ಹನಿಯಲ್ಲಿ. ಮೈಯೆಲ್ಲ ಜುಂ ಅಂತು. "ಮೈಕ್ರೋಫೈಲೇರಿಯಾ. ಫೈಲೇರಿಯಾ ಹುಳದ ಮರಿಗಳು ಇವು" ಅಂದರು ಡಾಕ್ಟರು.

ಫೈಲೇರಿಯಾ ಅನ್ನುವ ಶಬ್ದ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಆಯಿಯ ಕಾಲಿಗೆ ಡಾಕ್ಟರುಗಳು ಹೇಳುತ್ತಾ ಬಂದ ಹೆಸರೇ ಅದು.

ಅಲ್ಲಿಂದ ಶುರುವಾಯಿತು. ನಾವು ಊರು ಮುಟ್ಟುವುದರೊಳಗೆ ಫೋನಿನಲ್ಲಿ ಸುದ್ದಿ ಮುಟ್ಟಿತ್ತು. ಕಾಕು ಮೊಮ್ಮಗಳನ್ನು ಎತ್ತಿಕೊಂಡು ಬಾಗಿಲಲ್ಲೇ ನಿಂತಿದ್ದಳು. "ಸಣ್ಣ ಕೂಸು ಐತಿ ಮನ್ಯಾಗ. ಇದನ್ನ ಎಲ್ಲೆರೆ ಬಿಟ್ಟ ಬರ್ರಿ" ಅಂದಳು. ಕಾಕಾನದು ಬೇರೆ ಲೆಕ್ಕ. "ಬಿಡೂದ್ಯಾಕ? ಸರಕಾರದವರು ಕೊಟ್ಟ ಆನಿಕಾಲಿನ ಗುಳಿಗಿ ಡಬ್ಬ್ಯಾಗ ಅದಾವ. ಅವನ್ನ ನಾಲ್ಕ ಹಾಕಿದ್ರ ಆತು." ಇದೆಲ್ಲ ನಡೆಯುವಾಗ ಸುಮ್ಮನೆ ಕೂತಿದ್ದ ಆಯಿ, ರಾತ್ರಿ ನಾನು ಆಕೆಯ ಹತ್ತಿರ ಹೋಗಿ ಕೂತಾಗ ಮೆಲ್ಲಗೆ ಕೇಳಿದಳು. "ತಮ್ಮಾ, ನನ್ನ ಕಾಲಾನ ಹುಳಾನ ಅದಕ್ಕ ಹ್ವಾದ್ವೇನೋ? ದಿನಾ ನನ್ನ ಕಾಲ ಬುಡಕ್ಕ ಮಲಗತಿತ್ತು ಅದು."

ನನ್ನ ಹತ್ತಿರ ಉತ್ತರವಿರಲಿಲ್ಲ. ನಾನು ಕಂಪ್ಯೂಟರ್ ಸೈನ್ಸ್ ಓದಿದವನು, ಡಾಕ್ಟರನಲ್ಲ. ಹಾಗಾಗಿ ಓದಲು ಕೂತೆ. ಮುಂದಿನದು ಆ ಓದಿನ ಸಾರ. ನಾಯಿಯ ರಕ್ತದ ಹುಳುಗಳಿಗೆ ಇಷ್ಟು ದೊಡ್ಡ ಇತಿಹಾಸ ಇರುತ್ತದೆ, ಅದರಲ್ಲಿ ನಮ್ಮ ಬೆಂಗಳೂರು, ಯಾದಗಿರಿ ಎಲ್ಲ ಬರುತ್ತವೆ ಅಂತ ನನಗೆ ಕನಸಲ್ಲೂ ಗೊತ್ತಿರಲಿಲ್ಲ.

*

ಮೊದಲ ದಾಖಲೆ ಸಿಗುವುದು ಇಟಲಿಯಲ್ಲಿ. 1626ರಲ್ಲಿ ಫ್ರಾನ್ಚೆಸ್ಕೊ ಬಿರಾಗೊ ಅನ್ನುವವನು ಬೇಟೆಯ ಬಗ್ಗೆ ಬರೆದ ಪುಸ್ತಕದಲ್ಲಿ, ಬೇಟೆನಾಯಿಯ ಹೃದಯದಲ್ಲಿ ಕಂಡ ಹುಳುಗಳ ಬಗ್ಗೆ ಹೇಳಿದ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಗೋಳಗುಮ್ಮಟದಲ್ಲಿ ಮಲಗಿರುವ ಮಹಮ್ಮದ್ ಆದಿಲ್ ಶಾಹ ವಿಜಯಪುರದ ಪಟ್ಟಕ್ಕೆ ಬಂದ ಆಸುಪಾಸು. ಹುಳು ಕಂಡದ್ದೇನೋ ನಿಜ, ಆದರೆ ಅದೇನು ಅಂತ ಬಿರಾಗೊಗೆ ತಿಳಿಯಲಿಲ್ಲ. ನಾಯಿಯ ಮೂತ್ರಪಿಂಡದಲ್ಲಿ ಸಿಗುವ ಇನ್ನೊಂದು ದೊಡ್ಡ ಹುಳದ ಮರಿಗಳಿರಬೇಕು ಅಂದುಕೊಂಡ.

ಆಮೇಲೆ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಕಥೆ ಮುಂದೆ ಹೋಗಲಿಲ್ಲ. 1843ರಲ್ಲಿ ಪ್ಯಾರಿಸ್ಸಿನಲ್ಲಿ ಗ್ರೂಬಿ ಮತ್ತು ಡೆಲಾಫೋಂ ಅನ್ನುವ ಇಬ್ಬರು ನಾಯಿಯ ರಕ್ತವನ್ನು ಮೈಕ್ರೋಸ್ಕೋಪಿನಡಿ ಇಟ್ಟು, ನಾನು ವಿಜಯಪುರದಲ್ಲಿ ನೋಡಿದ್ದನ್ನೇ ನೋಡಿದರು. ಬದುಕಿರುವ ಪ್ರಾಣಿಯ ಹರಿಯುವ ರಕ್ತದಲ್ಲಿ ಓಡಾಡುವ ಹುಳದ ಮರಿಗಳು! ಮನುಷ್ಯನ ರಕ್ತದಲ್ಲಿ ಇಂಥದ್ದಿದೆ ಅಂತ ಜಗತ್ತಿಗೆ ಗೊತ್ತಾಗಲು ಇನ್ನೂ ಮೂರು ದಶಕ ಬೇಕಿತ್ತು. ಅಂದರೆ ಈ ಪಾಠ ನಮಗೆ ಮೊದಲು ಹೇಳಿಕೊಟ್ಟದ್ದೇ ನಾಯಿ. 1856ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಜೋಸೆಫ್ ಲೈಡಿ ಹೃದಯದ ಹುಳುವಿಗೆ "ಇಮಿಟಿಸ್" ಅಂತ ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಅದಕ್ಕೆ ಕ್ರೂರ, ಕರುಣೆಯಿಲ್ಲದ್ದು ಅಂತ ಅರ್ಥ. ಈಗ ಅದರ ಪೂರ್ತಿ ಹೆಸರು ಡೈರೋಫೈಲೇರಿಯಾ ಇಮಿಟಿಸ್. ಹೆಣ್ಣುಹುಳ ಒಂದು ಗೇಣಿಗಿಂತ ಉದ್ದ ಬೆಳೆಯುತ್ತದೆ. ಹೃದಯದ ಬಲಭಾಗದಲ್ಲಿ, ಶ್ವಾಸಕೋಶಕ್ಕೆ ಹೋಗುವ ರಕ್ತನಾಳದಲ್ಲಿ ಇದರ ಠಿಕಾಣಿ. ಹೆಸರು ಸರಿಯಾಗೇ ಇದೆ.

ಇದಕ್ಕೊಬ್ಬ ತಮ್ಮನಿದ್ದಾನೆ, ಡೈರೋಫೈಲೇರಿಯಾ ರಿಪೆನ್ಸ್. ಫ್ರಾನ್ಸಿನ ರೈಯೆ ಮತ್ತು ಆನ್ರಿ 1911ರಲ್ಲಿ ವಿವರಿಸಿದ್ದು. ಇದು ಹೃದಯಕ್ಕೆ ಹೋಗುವುದಿಲ್ಲ, ಚರ್ಮದ ಕೆಳಗೆ ಬದುಕುತ್ತದೆ. ತುರಿಕೆ, ಸಣ್ಣ ಗಂಟು, ಕೆಲವು ನಾಯಿಗಳಲ್ಲಿ ಏನೂ ಗೊತ್ತೇ ಆಗುವುದಿಲ್ಲ. ಮೂರನೆಯದೊಂದಿದೆ, ಅದನ್ನು ಚಿಗಟಗಳು ಹರಡುತ್ತವೆ, ಅದು ಅಷ್ಟೇನೂ ಕೆಟ್ಟದ್ದಲ್ಲ. ಹೃದಯದ ಹುಳು ನಮ್ಮ ದೇಶದಲ್ಲಿ ಹೆಚ್ಚಾಗಿ ವರದಿಯಾಗುವುದು ಈಶಾನ್ಯದ ಕಡೆ. ದಕ್ಷಿಣದಲ್ಲಿ, ಅದರಲ್ಲೂ ಕೇರಳದಲ್ಲಿ ಮತ್ತು ನಮ್ಮ ಕರಾವಳಿಯಲ್ಲಿ, ರಿಪೆನ್ಸ್ ಹೆಚ್ಚು.

*

ಈಗ ಕಥೆ ಭಾರತಕ್ಕೆ ಬರುತ್ತದೆ. ಕಲಕತ್ತೆಯಲ್ಲಿ ಟಿಮೊಥಿ ಲೂಯಿಸ್ ಅನ್ನುವ ಸೈನ್ಯದ ವೈದ್ಯನಿದ್ದ. ಹಾಲಿನಂಥ ಮೂತ್ರ ಹೋಗುವ ರೋಗಿಯೊಬ್ಬನ ಮೂತ್ರದಲ್ಲಿ 1870ರಲ್ಲಿ ಸಣ್ಣ ಹುಳುಗಳನ್ನು ಕಂಡಿದ್ದ. 1872ರಲ್ಲಿ ಅವೇ ಹುಳುಗಳನ್ನು ಮನುಷ್ಯನ ರಕ್ತದಲ್ಲಿ ಕಂಡ. ಆನೆಕಾಲು ನಮ್ಮಲ್ಲಿ ಹೊಸದೇನಲ್ಲ, ಸುಶ್ರುತ ಸಂಹಿತೆಯಲ್ಲೇ ಶ್ಲೀಪದ ಅಂತ ಬರುತ್ತದೆ. ಆದರೆ ಅದಕ್ಕೆ ಕಾರಣ ಒಂದು ಹುಳು ಅನ್ನುವ ಜಾಡು ಸಿಕ್ಕಿದ್ದು ಈ ಕಾಲದಲ್ಲಿ. ಲೂಯಿಸ್ ಇಲ್ಲಿಗೆ ನಿಲ್ಲಲಿಲ್ಲ. ಕಲಕತ್ತೆಯ ಬೀದಿನಾಯಿಗಳ ರಕ್ತವನ್ನೂ ನೋಡಿದ, ಸತ್ತ ನಾಯಿಗಳನ್ನು ಕೊಯ್ದು ನೋಡಿದ, 1874ರಲ್ಲಿ ಅದರ ಬಗ್ಗೆ ಬರೆದ. ಮನುಷ್ಯನ ಹುಳುವನ್ನು ಅರ್ಥ ಮಾಡಿಕೊಳ್ಳಲು ಅವನಿಗೆ ಸಿಕ್ಕ ಕೈಗನ್ನಡಿ ನಾಯಿ.

ಅದೇ ಹೊತ್ತಿಗೆ ಚೀನಾದ ಅಮೋಯ್ ಬಂದರಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಅನ್ನುವ ಸ್ಕಾಟ್ಲೆಂಡಿನ ವೈದ್ಯ. ಅವನೂ ನಾಯಿಗಳನ್ನು ಕೊಯ್ದು ಹುಳು ನೋಡಿದವನೇ. ರಕ್ತದಲ್ಲಿರುವ ಈ ಮರಿಗಳು ಅಲ್ಲೇ ದೊಡ್ಡವಾಗುವುದಿಲ್ಲ, ಹಾಗಾದರೆ ಹೊರಗೆ ಬರಲೇಬೇಕು, ಹೊರಗೆ ತರುವುದು ಯಾರು ಅಂತ ಯೋಚಿಸಿದ. ರಕ್ತ ಹೀರುವ ಸೊಳ್ಳೆಯ ಮೇಲೆ ಅನುಮಾನ ಬಂತು. ತನ್ನ ತೋಟದ ಕೆಲಸದವನಾದ ಹಿನ್ ಲೋ ಅನ್ನುವವನ ರಕ್ತದಲ್ಲಿ ಹುಳುಗಳಿದ್ದವು. ಅವನನ್ನು ರಾತ್ರಿ ಸೊಳ್ಳೆಗಳ ನಡುವೆ ಮಲಗಿಸಿ, ಬೆಳಗ್ಗೆ ಹೊಟ್ಟೆ ತುಂಬಿದ ಸೊಳ್ಳೆಗಳನ್ನು ಹಿಡಿದು ಕೊಯ್ದು ನೋಡಿದ. ಹುಳುಗಳು ಸೊಳ್ಳೆಯೊಳಗೆ ಬೆಳೆಯುತ್ತಿದ್ದವು! ಇದು 1877. ಒಂದು ರೋಗ ಕೀಟದೊಳಗೆ ಬೆಳೆಯುತ್ತದೆ ಅಂತ ತೋರಿಸಿದ ಮೊದಲ ಕೆಲಸಗಳಲ್ಲೊಂದು. ಪಾಪ, ಹಿನ್ ಲೋನ ಹೆಸರನ್ನು ಯಾರೂ ದೊಡ್ಡದಾಗಿ ಹೇಳುವುದಿಲ್ಲ.

ಈ ಮರಿಗಳು ಹಗಲು ಹೊತ್ತು ಹೊರಮೈಯ ರಕ್ತದಲ್ಲಿ ಹೆಚ್ಚುಕಡಿಮೆ ಸಿಗುವುದೇ ಇಲ್ಲ, ರಾತ್ರಿಯೇ ಬರುತ್ತವೆ ಅಂತ ಕಂಡುಹಿಡಿದವನೂ ಮ್ಯಾನ್ಸನ್ನೇ. ರಾತ್ರಿ ಕಚ್ಚುವ ಸೊಳ್ಳೆಯ ವೇಳೆಗೆ ಸರಿಯಾಗಿ ಹಾಜರಿ. ಆರೋಗ್ಯ ಇಲಾಖೆಯವರು ಆನೆಕಾಲು ತಪಾಸಣೆಗೆ ರಾತ್ರಿ ಹೊತ್ತೇ ರಕ್ತ ತೆಗೆದುಕೊಳ್ಳಲು ಬರುವುದು ಇದಕ್ಕೇ. ಚಿಕ್ಕವನಿದ್ದಾಗ ನನಗೆ ಅವರು ದೆವ್ವಗಳ ಥರ ಕಾಣುತ್ತಿದ್ದರು.

ಆದರೆ ಮ್ಯಾನ್ಸನ್ ಒಂದು ಕಡೆ ಎಡವಿದ. ಸೊಳ್ಳೆ ಒಂದೇ ಸಲ ರಕ್ತ ಹೀರಿ, ನೀರಿನಲ್ಲಿ ಮೊಟ್ಟೆಯಿಟ್ಟು ಸಾಯುತ್ತದೆ, ಹುಳು ನೀರಿಗೆ ಬಿದ್ದು, ಆ ನೀರು ಕುಡಿದವರ ಹೊಟ್ಟೆ ಸೇರುತ್ತದೆ ಅಂತ ತಿಳಿದ. ಅರ್ಧ ಬಗ್ ಫಿಕ್ಸ್ ಆಗಿತ್ತು, ಇನ್ನರ್ಧ ಹಾಗೇ ಉಳಿಯಿತು. ಸುಮಾರು ಇಪ್ಪತ್ತು ವರ್ಷ!

ಉಳಿದರ್ಧ ಸರಿಯಾಗುವ ದಾರಿಯಲ್ಲಿ ನಮ್ಮ ಬೆಂಗಳೂರು ಬರುತ್ತದೆ. 1883ರಲ್ಲಿ ರೊನಾಲ್ಡ್ ರಾಸ್ ಅನ್ನುವ ಇಪ್ಪತ್ತಾರು ವರ್ಷದ ವೈದ್ಯ ಬೆಂಗಳೂರಿನ ದಂಡಿನಲ್ಲಿ ಕೆಲಸಕ್ಕೆ ಬಂದ. ಹೆಚ್ಚುಕಡಿಮೆ ನನ್ನ ವಯಸ್ಸು, ನನ್ನದೇ ಊರು, ಅವನಿಗೂ ಸೊಳ್ಳೆ ಕಾಟ. ತನ್ನ ಬಂಗಲೆಯಲ್ಲೇ ಯಾಕೆ ಇಷ್ಟು ಸೊಳ್ಳೆ ಅಂತ ನೋಡಿದರೆ, ಕಿಟಕಿಯ ಹೊರಗೆ ಇಟ್ಟಿದ್ದ ನೀರಿನ ಪೀಪಾಯಿಯಲ್ಲಿ ಮರಿಗಳು ಕುಣಿಯುತ್ತಿದ್ದವು. ಪೀಪಾಯಿ ಬೋರಲು ಹಾಕಿದ. ಸೊಳ್ಳೆ ಕಡಿಮೆಯಾದವು. ಸೈನ್ಯದ ಊಟದ ಮನೆಯ ಸುತ್ತಲೂ ಹೀಗೇ ಮಾಡೋಣ ಅಂತ ಮೇಲಿನ ಅಧಿಕಾರಿಗೆ ಹೇಳಿದರೆ ಅವನು ಒಪ್ಪಲಿಲ್ಲ. (ಮ್ಯಾನೇಜರುಗಳು ಆಗಲೂ ಹೀಗೇ ಇದ್ದರು!) ಮುಂದೆ 1894ರಲ್ಲಿ ರಾಸ್ ಲಂಡನ್ನಿನಲ್ಲಿ ಮ್ಯಾನ್ಸನ್ನನನ್ನು ಕಂಡ, ಶಿಷ್ಯನಾದ. 1895ರಲ್ಲಿ ಕಾಲರಾ ತಡೆಯಲು ಇನ್ನೊಮ್ಮೆ ಬೆಂಗಳೂರಿಗೆ ಬಂದ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಮಲೇರಿಯಾದ ಜೀವಿಯನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡ. 1898ರಲ್ಲಿ ಕಲಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾ ಸೊಳ್ಳೆ ಕಚ್ಚುವುದರಿಂದಲೇ ಹರಡುತ್ತದೆ ಅಂತ ತೋರಿಸಿದ.

ಹಾಗಾದರೆ ಫೈಲೇರಿಯಾ ಕೂಡ ಕುಡಿಯುವ ನೀರಿನಿಂದಲ್ಲ, ಕಚ್ಚುವುದರಿಂದಲೇ ಬರಬಹುದಲ್ಲ? 1900ರಲ್ಲಿ ಎರಡು ಕಡೆ ಉತ್ತರ ಸಿಕ್ಕಿತು. ಲಂಡನ್ನಿನಲ್ಲಿ ಜಾರ್ಜ್ ಲೋ, ಆಸ್ಟ್ರೇಲಿಯಾದಿಂದ ಬಂದಿದ್ದ ಸೊಳ್ಳೆಗಳನ್ನು ತೆಳ್ಳಗೆ ಕೊಯ್ದು ನೋಡಿ ಮನುಷ್ಯನ ಹುಳುವನ್ನು ಅದರ ಸೊಂಡಿಲಿನಲ್ಲೇ ಕಂಡ. ಇಟಲಿಯಲ್ಲಿ ಗ್ರಾಸ್ಸಿ ಮತ್ತು ನೊಯೆ, ನಾಯಿಯ ಹೃದಯದ ಹುಳು ಸೊಳ್ಳೆಯ ಸೊಂಡಿಲಿನ ಮೂಲಕವೇ ದಾಟುತ್ತದೆ ಅಂತ ತೋರಿಸಿದರು. ಮನುಷ್ಯನ ಹುಳು, ನಾಯಿಯ ಹುಳು, ಎರಡರ ಗುಟ್ಟೂ ಒಂದೇ ವರ್ಷ ಬಯಲಾಯಿತು.

*

ಇಲ್ಲಿಗೆ ಆಯಿಯ ಪ್ರಶ್ನೆಗೆ ಉತ್ತರ ಸಿಕ್ಕಂತಾಯಿತು. ಆಕೆಯ ಕಾಲಿನ ಹುಳು ವುಚೆರೇರಿಯಾ ಬ್ಯಾಂಕ್ರಾಫ್ಟಿ. ನಮ್ಮ ದೇಶದ ಆನೆಕಾಲಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ಇದರದ್ದೇ. ಇದು ಮನುಷ್ಯನನ್ನು ಬಿಟ್ಟು ನಾಯಿಯಲ್ಲಿ ಬಾಳುವುದಿಲ್ಲ. (ಬ್ರೂಗಿಯಾ ಅನ್ನುವ ಇನ್ನೊಂದು ಹುಳು ಇದೆ, ಅದಕ್ಕೆ ನಾಯಿ-ಬೆಕ್ಕುಗಳಲ್ಲೂ ಜಾಗವಿದೆ. ಆದರೆ ಅದು ಕೇರಳದ ಕಡೆಯದು.) ಆಯಿಯಿಂದ ಭೀಮ್ಯಾನಿಗೆ ಬಂದಿಲ್ಲ. ಭೀಮ್ಯಾನಿಂದ ಆಯಿಗೆ ಬರುವ ಮಾತೇ ಇಲ್ಲ, ಆಕೆಯ ಕಾಲು ಬಾತಾಗ ಭೀಮ್ಯಾನ ಮುತ್ತಜ್ಜನೂ ಹುಟ್ಟಿರಲಿಕ್ಕಿಲ್ಲ.

ಕಾಕುವಿನ ಪ್ರಶ್ನೆ ಸ್ವಲ್ಪ ಕಷ್ಟದ್ದು. ನಾಯಿಯ ರಿಪೆನ್ಸ್ ಹುಳು ಮನುಷ್ಯನಿಗೆ ಬರುವುದೇ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಅಪರೂಪಕ್ಕೆ ಬರುತ್ತದೆ. ಕೇರಳದಲ್ಲಿ, ನಮ್ಮ ಮಂಗಳೂರು-ಮಣಿಪಾಲದ ಕಡೆ, ಕಣ್ಣಿನ ಬಿಳಿಯ ಭಾಗದಿಂದಲೋ ರೆಪ್ಪೆಯಿಂದಲೋ ಡಾಕ್ಟರುಗಳು ಒಂದೊಂದು ಹುಳು ಹೊರತೆಗೆದದ್ದು ವೈದ್ಯಕೀಯ ಪತ್ರಿಕೆಗಳಲ್ಲಿದೆ. ಆದರೆ ಮನುಷ್ಯನ ಮೈ ಆ ಹುಳುವಿಗೆ ಒಂದು ಕುರುಡು ಓಣಿ. ಸಾಮಾನ್ಯವಾಗಿ ಒಂದೇ ಹುಳು, ಸಂತಾನವಿಲ್ಲದೆ ಅಲ್ಲೇ ಅದರ ಕಥೆ ಮುಗಿಯುತ್ತದೆ. ಮತ್ತೆ ಮುಖ್ಯ ಮಾತು: ನಾಯಿಯನ್ನು ಮುಟ್ಟಿದರೆ, ಅದು ನೆಕ್ಕಿದರೆ, ಪಕ್ಕದಲ್ಲಿ ಮಲಗಿದರೆ ಇದು ಬರುವುದಿಲ್ಲ. ನಾಯಿಯನ್ನು ಕಚ್ಚಿ, ಹತ್ತು ದಿನವೋ ಎರಡು ವಾರವೋ ಬದುಕಿ, ಹುಳು ತನ್ನೊಳಗೆ ಬಲಿತ ಮೇಲೆ ನಮ್ಮನ್ನು ಕಚ್ಚುವ ಸೊಳ್ಳೆ ಬೇಕು.

ಅಂದರೆ ಭೀಮ್ಯಾನನ್ನು ದೂರ ಬಿಟ್ಟು ಬಂದರೂ ಸೊಳ್ಳೆ ಮನೆಯಲ್ಲೇ ಇರುತ್ತದೆ. ಅವನು ಹೋದ ಊರಿನಲ್ಲಿ ಅಲ್ಲಿನ ಸೊಳ್ಳೆಗೆ ಹುಳು ಹಂಚುತ್ತಾನೆ. ಯಾರಿಗೂ ಲಾಭವಿಲ್ಲ.

*

ಇನ್ನು ಕಾಕಾನ ಗುಳಿಗೆಯ ಐಡಿಯಾ. ಇದರ ಇತಿಹಾಸ ಓದಿದಾಗ ನನಗೆ ನಿಜಕ್ಕೂ ಆಶ್ಚರ್ಯವಾಯಿತು.

ಸರಕಾರದವರು ಕೊಡುವ ಆನೆಕಾಲಿನ ಗುಳಿಗೆಯ ಹೆಸರು ಡಿಇಸಿ, ಡೈಈಥೈಲ್ ಕಾರ್ಬಮಜೀನ್. ಅಮೆರಿಕದ ಲೆಡರ್ಲಿ ಕಂಪನಿಯ ಪ್ರಯೋಗಶಾಲೆಯಲ್ಲಿ ಹುಟ್ಟಿದ್ದು. ಅಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. 1947ರಲ್ಲಿ ಪ್ರಕಟವಾದ ಆ ಮೊದಲ ಪ್ರಯೋಗಗಳನ್ನು ಮಾಡಿದ್ದು ಯಾರ ಮೇಲೆ ಗೊತ್ತೇ? ಹತ್ತಿಗದ್ದೆಯ ಇಲಿಗಳ ಮೇಲೆ ಮತ್ತು ಫೈಲೇರಿಯಾ ಇದ್ದ ನಾಯಿಗಳ ಮೇಲೆ! ಮರುವರ್ಷವೇ ಸುಬ್ಬರಾವ್ ತೀರಿಕೊಂಡರು. ಅವರ ಗುಳಿಗೆ ಉಳಿಯಿತು. ಭಾರತ ಸರಕಾರ 1955ರಲ್ಲಿ ಫೈಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿತು. 2004ರಿಂದ ರೋಗವಿರುವ ಜಿಲ್ಲೆಗಳಲ್ಲಿ ಎಲ್ಲರಿಗೂ ವರ್ಷಕ್ಕೊಮ್ಮೆ ಈ ಗುಳಿಗೆ ನುಂಗಿಸುವ ಕೆಲಸ ನಡೆಯಿತು. ಕರ್ನಾಟಕದಲ್ಲಿ ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಬಾಗಲಕೋಟೆ, ನಮ್ಮ ವಿಜಯಪುರ, ಮತ್ತೆ ಕರಾವಳಿಯ ಮೂರು ಜಿಲ್ಲೆಗಳು ಆ ಪಟ್ಟಿಯಲ್ಲಿದ್ದವು. ದೊಡ್ಡವರಿಗೆ ನೂರು ಮಿಲಿಗ್ರಾಮಿನ ಮೂರು ಗುಳಿಗೆ. ನನಗೆ ನೆನಪಿದೆ, ಮನೆಮನೆಗೆ ಬಂದು ಕೊಡುತ್ತಿದ್ದರು. "ಜ್ವರಾ ಬರ್ತಾವ" ಅಂತ ಅರ್ಧ ಜನ ಡಬ್ಬಿಯಲ್ಲಿಟ್ಟು ಮರೆಯುತ್ತಿದ್ದರು. ಜ್ವರ ಬರುವುದು ಗುಳಿಗೆಯಿಂದಲ್ಲ, ರಕ್ತದಲ್ಲಿನ ಹುಳದ ಮರಿಗಳು ಒಮ್ಮೆಲೇ ಸಾಯುವುದರಿಂದ ಅಂತ ಯಾರೂ ಸರಿಯಾಗಿ ಹೇಳಲಿಲ್ಲವೋ, ಹೇಳಿದರೂ ನಾವು ಕೇಳಲಿಲ್ಲವೋ. ಕಾಕಾನ ಡಬ್ಬಿಯ ಗುಳಿಗೆಗಳು ಅಂಥವೇ. ಅವಧಿ ಮುಗಿದು ವರ್ಷಗಳಾಗಿದ್ದವು.

ಇದೇ ಡಿಇಸಿಯನ್ನು ಅಮೆರಿಕದಲ್ಲಿ ಬಹಳ ವರ್ಷ ನಾಯಿಗಳಿಗೆ ಹೃದಯದ ಹುಳು ಬಾರದಂತೆ ದಿನಾ ಕೊಡುತ್ತಿದ್ದರು. ಅದು ರಕ್ತದಲ್ಲಿ ಮರಿಗಳಿಲ್ಲದ ನಾಯಿಗೆ ಮಾತ್ರ. ಹೃದಯದ ಹುಳದ ಮರಿಗಳು ರಕ್ತದಲ್ಲಿ ತುಂಬಿರುವ ನಾಯಿಗೆ ಡಿಇಸಿ ಕೊಟ್ಟರೆ ಅದು ಆಘಾತಕ್ಕೊಳಗಾಗಿ ಕುಸಿದು ಬೀಳಬಹುದು, ಸಾಯಲೂಬಹುದು. ಇದನ್ನು ಫೋನಿನಲ್ಲಿ ಡಾಕ್ಟರು ಹೇಳಿದಾಗ ಕಾಕಾನ ಮುಖ ನೋಡಬೇಕಿತ್ತು. ಆ ರಾತ್ರಿ ನಾನು ಡಬ್ಬಿ ಅಡಗಿಸಿಡದಿದ್ದರೆ ಬೆಳಗ್ಗೆ ಹಾಲಿನಲ್ಲಿ ಕಲಸಿ ಹಾಕಿಬಿಡುತ್ತಿದ್ದ. ಪ್ರೀತಿಯಿಂದಲೇ.

ಕಥೆಯ ಮುಂದಿನ ಭಾಗ ಜಪಾನಿನದು. 1970ರ ದಶಕದಲ್ಲಿ ಸತೋಶಿ ಓಮುರಾ ಅನ್ನುವ ವಿಜ್ಞಾನಿ ಇಟೊ ನಗರದ ಒಂದು ಗಾಲ್ಫ್ ಮೈದಾನದ ಹತ್ತಿರ ಒಂದು ಹಿಡಿ ಮಣ್ಣು ತೆಗೆದ. ಆ ಮಣ್ಣಿನ ಸೂಕ್ಷ್ಮಜೀವಿಯನ್ನು ಅಮೆರಿಕದ ಮರ್ಕ್ ಕಂಪನಿಗೆ ಕಳಿಸಿದರು. ಅಲ್ಲಿ ವಿಲಿಯಂ ಕ್ಯಾಂಪ್‌ಬೆಲ್ ಮತ್ತು ಸಂಗಡಿಗರು ಅದರಿಂದ ಹುಳು ಕೊಲ್ಲುವ ಔಷಧ ತೆಗೆದರು. ಅದೇ ಐವರ್ಮೆಕ್ಟಿನ್. 1981ರಲ್ಲಿ ದನಕರುಗಳ ಔಷಧವಾಗಿ ಮಾರುಕಟ್ಟೆಗೆ ಬಂತು. 1987ರಲ್ಲಿ ಎರಡು ಸಂಗತಿ ನಡೆದವು. ಅಮೆರಿಕದಲ್ಲಿ ನಾಯಿಗಳ ಹೃದಯದ ಹುಳು ತಡೆಯಲು ತಿಂಗಳಿಗೊಂದು ಗುಳಿಗೆಯಾಗಿ ಒಪ್ಪಿಗೆ ಸಿಕ್ಕಿತು. ಅದೇ ವರ್ಷ ಮರ್ಕ್ ಕಂಪನಿ, ಆಫ್ರಿಕಾದ ನದಿಗುರುಡು ರೋಗಕ್ಕೆ, ಅದೂ ಒಂದು ಫೈಲೇರಿಯಾ ಹುಳುವಿನದೇ, ಇದನ್ನು ಬೇಕಾದಷ್ಟು ಕಾಲ ಪುಕ್ಕಟೆ ಕೊಡುವುದಾಗಿ ಹೇಳಿತು. ಓಮುರಾ ಮತ್ತು ಕ್ಯಾಂಪ್‌ಬೆಲ್ 2015ರಲ್ಲಿ ನೊಬೆಲ್ ಪಡೆದರು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆನೆಕಾಲಿಗೂ ಕೆಲವು ಕಡೆ ಐವರ್ಮೆಕ್ಟಿನ್, ಡಿಇಸಿ, ಆಲ್ಬೆಂಡಜೋಲ್ ಮೂರನ್ನೂ ಸೇರಿಸಿ ಕೊಡಿ ಅಂತ ಹೇಳಿತು. ಭಾರತದಲ್ಲಿ ಈ ಮೂರರ ಚಿಕಿತ್ಸೆಯನ್ನು ಮೊದಲು ಶುರು ಮಾಡಿದ ಕೆಲವೇ ಜಿಲ್ಲೆಗಳಲ್ಲಿ ನಮ್ಮ ಯಾದಗಿರಿಯೂ ಒಂದು.

ಒಂದು ಸಲ ಹಿಂದಿರುಗಿ ನೋಡಿ. ರಕ್ತದಲ್ಲಿ ಹುಳು ಇರುತ್ತದೆ ಅಂತ ಮೊದಲು ತೋರಿಸಿದ್ದು ನಾಯಿ. ನಾಯಿಯ ಮೇಲೆ ನೋಡಿದ ಡಿಇಸಿ ಮನುಷ್ಯನಿಗೆ ಬಂತು. ದನ, ನಾಯಿಗಳಿಗೆ ಬಂದ ಐವರ್ಮೆಕ್ಟಿನ್ ಯಾದಗಿರಿಯ ಹಳ್ಳಿಗಳಿಗೆ ಬಂತು. ಇಷ್ಟೆಲ್ಲ ಋಣ ಇಟ್ಟುಕೊಂಡು ನಾವು ಭೀಮ್ಯಾನನ್ನು ಯಾವುದೋ ಢಾಬಾದ ಹತ್ತಿರ ಬಿಟ್ಟು ಬರುವ ಮಾತಾಡುತ್ತಿದ್ದೆವು.

ಇಲ್ಲಿ ಒಂದು ಎಚ್ಚರಿಕೆ. ಹಳ್ಳಿಗಳಲ್ಲಿ ದನಕ್ಕೆ ತಂದ ಐವರ್ಮೆಕ್ಟಿನ್ ಇಂಜೆಕ್ಷನ್ನನ್ನು ನಾಯಿಗೂ ಚುಚ್ಚುವ ರೂಢಿ ಇದೆ. ಲೆಕ್ಕ ನೋಡಿ. ಹೃದಯದ ಹುಳು ತಡೆಯಲು ನಾಯಿಗೆ ಬೇಕಾದದ್ದು ಒಂದು ಕಿಲೋ ತೂಕಕ್ಕೆ 6 ಮೈಕ್ರೋಗ್ರಾಂ. ಭೀಮ್ಯಾ 22 ಕಿಲೋ, ಅಂದರೆ 132 ಮೈಕ್ರೋಗ್ರಾಂ. ದನದ ಇಂಜೆಕ್ಷನ್ನಿನ ಒಂದೇ ಮಿಲಿಲೀಟರಿನಲ್ಲಿ 10,000 ಮೈಕ್ರೋಗ್ರಾಂ ಇರುತ್ತದೆ. ಎಪ್ಪತ್ತೈದು ಪಟ್ಟು! ಚರ್ಮರೋಗಗಳಿಗೆ ಡಾಕ್ಟರುಗಳು ಹೆಚ್ಚು ಪ್ರಮಾಣ ಕೊಡುವುದುಂಟು, ಆದರೆ ಅದು ಅವರ ಲೆಕ್ಕ. ಕಾಲಿಯಂಥ ಕೆಲವು ತಳಿಗಳಲ್ಲಿ ಒಂದು ಜೀನ್ ದೋಷದಿಂದ ಈ ಔಷಧ ಮೆದುಳಿಗೆ ನುಗ್ಗುತ್ತದೆ ಅಂತ 2001ರಲ್ಲಿ ಗೊತ್ತಾಯಿತು. ದಯವಿಟ್ಟು ನೀವೇ ಚುಚ್ಚಬೇಡಿ.

*

ಭೀಮ್ಯಾನ ವಿಷಯ ಏನಾಯಿತು ಅಂತ ಕೇಳುತ್ತೀರಿ. ಡಾಕ್ಟರು ಹೃದಯದ ಹುಳು ಇದೆಯೋ ಅಂತ ಒಂದು ಕಿಟ್ ಪರೀಕ್ಷೆ ಮಾಡಿದರು. ಇಲ್ಲ ಅಂತ ಬಂತು. ಗಂಟು, ತುರಿಕೆ ನೋಡಿದರೆ ಚರ್ಮದಡಿಯ ರಿಪೆನ್ಸ್ ಇರಬೇಕು, ಪಕ್ಕಾ ಹೇಳಲು ಡಿಎನ್‌ಎ ಪರೀಕ್ಷೆ ಬೇಕು ಅಂದರು. ಒಂದು ದಿನ ತಮ್ಮಲ್ಲೇ ಇಟ್ಟುಕೊಂಡು, ತೂಕಕ್ಕೆ ತಕ್ಕಂತೆ ಔಷಧ ಕೊಟ್ಟರು. ಜೊತೆಗೆ ನಾಲ್ಕು ವಾರ ಡಾಕ್ಸಿಸೈಕ್ಲಿನ್. ಹುಳುವಿಗೆ ಆ್ಯಂಟಿಬಯಾಟಿಕ್ ಯಾಕೆ? ಈ ಹುಳುಗಳ ಒಳಗೇ ವೊಲ್ಬಾಕಿಯಾ ಅನ್ನುವ ಬ್ಯಾಕ್ಟೀರಿಯಾ ಬದುಕಿರುತ್ತದೆ, ಅದಿಲ್ಲದೆ ಹುಳು ಸೊರಗುತ್ತದೆ. ನಾಯಿಯ ಹೃದಯದ ಹುಳುವಿನಲ್ಲಿ ಅದನ್ನು 1995ರಲ್ಲಿ ಗುರುತಿಸಿದರು. ಆಯಿಯ ಹುಳುವಿನಲ್ಲೂ ಅದೇ ಇರುತ್ತದೆ. ನಾಯಿಯೊಳಗೆ ಹುಳು, ಹುಳದೊಳಗೆ ಬ್ಯಾಕ್ಟೀರಿಯಾ. ನಮ್ಮ ಸಾಫ್ಟ್‌ವೇರಿನ ಡಿಪೆಂಡೆನ್ಸಿಗಳೇ ವಾಸಿ.

ಎರಡನೇ ಕೆಲಸ ನಾವೇ ಮಾಡಿದೆವು. ಬಚ್ಚಲ ನೀರು ಹಿತ್ತಲಲ್ಲಿ ಬಂದು ನಿಲ್ಲುವ ಒಂದು ತೆರೆದ ಗಟಾರ ಇತ್ತು. ನನ್ನ ನೆನಪಿರುವಾಗಿನಿಂದಲೂ ಇತ್ತು. ಕ್ಯೂಲೆಕ್ಸ್ ಸೊಳ್ಳೆ ಇಂಥ ಕೊಳಕು ನಿಂತ ನೀರಿನಲ್ಲೇ ಮರಿ ಮಾಡುವುದು. ಆನೆಕಾಲು ಹರಡುವುದು ಅದೇ ಸೊಳ್ಳೆ, ನಾಯಿಯ ಹುಳುವನ್ನೂ ಹರಡಬಲ್ಲದು ಅದೇ ಸೊಳ್ಳೆ. ಆಯಿ ಆ ಗಟಾರದ ಪಕ್ಕದ ಕೋಣೆಯಲ್ಲೇ ಮದುವೆಯಾಗಿ ಬಂದಾಗಿನಿಂದ ಮಲಗಿದ್ದಾಳೆ. ಭೀಮ್ಯಾ ನಾಲ್ಕು ವರ್ಷ ಆಕೆಯ ಕಾಲ ಬುಡಕ್ಕೆ ಮಲಗಿದ್ದಾನೆ. ಇಬ್ಬರೂ ಒಬ್ಬರಿಗೊಬ್ಬರು ರೋಗ ಕೊಟ್ಟಿಲ್ಲ. ಇಬ್ಬರಿಗೂ ಕೊಟ್ಟದ್ದು ಹಿತ್ತಲ ಗಟಾರ ಇರಬೇಕು. ಈಗ ಆಲಮಟ್ಟಿಯ ನೀರು ಏತ ನೀರಾವರಿಯಿಂದ ನಮ್ಮ ಭಾಗದ ಕೆರೆಗಳಿಗೂ ಬಂದಿದೆ, ಬರಗಾಲ ನೋಡಿದ ನಮಗೆ ಅದು ಹಬ್ಬವೇ. ಆದರೆ ನೀರು ಹೆಚ್ಚಾದ ಊರಿನಲ್ಲಿ ನೀರು ನಿಲ್ಲುವುದೂ ಹೆಚ್ಚು. ಕಾಕಾ, ಅವನ ಮಗ, ನಾನು ಸೇರಿ ಎರಡು ದಿನ ಅಗೆದು ಪೈಪು ಹಾಕಿ, ಇಂಗುಗುಂಡಿ ಮಾಡಿ ಕಲ್ಲು ಮುಚ್ಚಿದೆವು. ನನ್ನ ಕೀಬೋರ್ಡಿನ ಕೈಗಳಲ್ಲಿ ಗುಳ್ಳೆ ಬಂದದ್ದು ಬೇರೆ ಮಾತು. ಮಗುವಿಗೆ, ಆಯಿಗೆ ಸೊಳ್ಳೆಪರದೆ ತಂದೆವು.

ಆಯಿಯ ಕಾಲು ಇನ್ನು ಸಣ್ಣದಾಗುವುದಿಲ್ಲ. ಹುಳು ಸತ್ತು ಯಾವ ಕಾಲವಾಯಿತೋ, ಅದು ಕೆಡಿಸಿ ಹೋದ ನಾಳಗಳು ಮತ್ತೆ ಸರಿಯಾಗುವುದಿಲ್ಲ. ದಿನಾ ಸೋಪು ಹಚ್ಚಿ ತೊಳೆದು, ಬೆರಳ ಸಂದಿ ಒರೆಸಿ, ಗಾಯವಾಗದಂತೆ ನೋಡಿಕೊಂಡರೆ ಜ್ವರ, ನೋವು ದೂರವಿರುತ್ತದೆ. ಅದನ್ನು ಆಕೆ ನಲವತ್ತು ವರ್ಷದಿಂದ ಯಾರೂ ಹೇಳದೆಯೇ ಮಾಡುತ್ತಿದ್ದಾಳೆ.

ಹೊರಡುವ ದಿನ ಆಕೆಗೆ ಇದೆಲ್ಲ ಹೇಳಿದೆ. ಪ್ಯಾರಿಸ್ಸು, ಕಲಕತ್ತೆ, ಹಿನ್ ಲೋ, ಎಲ್ಲ. ಎಷ್ಟು ತಿಳಿಯಿತೋ ಗೊತ್ತಿಲ್ಲ, ಕೊನೆಗೆ ಒಂದೇ ಕೇಳಿದಳು. "ಅಂದ್ರ, ನನ್ನಿಂದ ಬಂದಿಲ್ಲಲಾ?"

"ಇಲ್ಲ ಆಯಿ."

"ಹಂಗಾರ ಒಳಗ ಕರಿ ಅದನ್ನ. ಹೊರಗ ಥಂಡಿ ಐತಿ" ಅಂದಳು.

ಭೀಮ್ಯಾ ಈಗ ಓಡುತ್ತಾನಂತೆ, ಕಾಕಾ ವಾಟ್ಸಾಪಿನಲ್ಲಿ ವಿಡಿಯೋ ಕಳಿಸಿದ್ದ. ಮತ್ತೆ ರಕ್ತ ಪರೀಕ್ಷೆ ಇದೆ, ಆಮೇಲೆ ಗೊತ್ತಾಗುತ್ತದೆ. ನಿಮ್ಮ ಮನೆಯ ಹಿಂದೆ ಎಲ್ಲಾದರೂ ನೀರು ನಿಂತಿದ್ದರೆ ಈ ಭಾನುವಾರವೇ ನೋಡಿ. ಪೀಪಾಯಿ ಇದ್ದರೆ ಬೋರಲು ಹಾಕಿ. ಸರಕಾರದವರು ಗುಳಿಗೆ ಕೊಟ್ಟರೆ ಡಬ್ಬಿಗೆ ಹಾಕದೆ ಅವರ ಎದುರೇ ನುಂಗಿ. ಇಷ್ಟು ಹೇಳಲಿಕ್ಕೆ ಇಷ್ಟುದ್ದ ಬರೆದೆ ನೋಡಿ :)